“ಅದು ಅವರ ಖಾಸಗಿ ವಿಷಯ ಅಲ್ವಾ, ಎಲ್ಲರಿಗೂ ಯಾಕೆ ಹೇಳಬೇಕು?”

ಓದುಗರ ಪ್ರಶ್ನೆ: ನನ್ನ ಜೊತೆ ಕೆಲಸ ಮಾಡುವವರೊಬ್ಬರು ಮೊನ್ನೆ ತಾವು ಗೇ ಅಂತ ಹೇಳಿಕೊಂಡರು. ನನಗೇನೂ ತಕರಾರಿಲ್ಲ, ಅವರ ಬದುಕು ಅವರದು. ಆದರೆ ಇದೆಲ್ಲ ಖಾಸಗಿ ವಿಷಯ ಅಲ್ವಾ? ಮನೆಯೊಳಗೆ ಇಟ್ಟುಕೊಂಡರೆ ಯಾರು ಬಂದು ಕೇಳ್ತಾರೆ? ಹೇಳಿಕೊಂಡು, ಮೆರವಣಿಗೆ ಮಾಡಿಕೊಂಡು ಯಾಕೆ ತಿರುಗಬೇಕು?

ಉತ್ತರ: ತುಂಬಾ ಜನ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಕೆಟ್ಟ ಮನಸ್ಸಿನವರು ಕಡಿಮೆ. “ತಕರಾರಿಲ್ಲ” ಅಂದಿದ್ದೀರಿ, ಆ ಮಾತನ್ನು ನಂಬಿಯೇ ಬರೆಯುತ್ತಿದ್ದೇನೆ.

ಮೊದಲು ಒಂದು ಕೆಲಸ ಮಾಡಿ ನೋಡಿ. ನಾಳೆಯಿಂದ ಒಂದು ವಾರ, ನಿಮಗೆ ಹೆಂಡತಿಯೋ ಗಂಡನೋ ಇದ್ದಾರೆ ಅನ್ನುವುದೇ ಆಫೀಸಿನಲ್ಲಿ ಯಾರಿಗೂ ಗೊತ್ತಾಗದ ಹಾಗೆ ಮಾತಾಡಿ. ರಜೆಗೆ ಎಲ್ಲಿ ಹೋಗಿದ್ರಿ ಅಂದರೆ ಊರಿನ ಹೆಸರು ಹೇಳಬಹುದು, ಜೊತೆಯಲ್ಲಿ ಯಾರಿದ್ದರು ಅಂತ ಹೇಳುವ ಹಾಗಿಲ್ಲ. ಫೋನ್ ಬಂದರೆ ಎದ್ದು ಆಚೆ ಹೋಗಬೇಕು. ಫೋನಿನ ಮೇಲಿರುವ ಫೋಟೋ ತೆಗೆಯಬೇಕು. ಅವರಿಗೆ ಜ್ವರ ಅಂತ ರಜೆ ಹಾಕಬೇಕಾದರೆ ಜ್ವರ ನಿಮಗೇ ಬಂದಿದೆ ಅನ್ನಬೇಕು. ಕನ್ನಡದಲ್ಲಂತೂ ಇನ್ನೊಂದು ಪೇಚು, ನಮ್ಮ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ. “ಬಂದ” ಅಂದರೆ ಗಂಡು, “ಬಂದಳು” ಅಂದರೆ ಹೆಣ್ಣು. ಹಾಗಾಗಿ ಹತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಜೀವದ ಬಗ್ಗೆ “ಅವರು ಬಂದಿದ್ರು, ಅವರು ಹೇಳಿದ್ರು” ಅಂತ ಬಹುವಚನದ ಹಿಂದೆ ಅಡಗಿ ಮಾತಾಡಬೇಕು, ಯಾರವರು ಅಂತ ಕೇಳಿದರೆ “ರೂಮ್‌ಮೇಟ್” ಅನ್ನಬೇಕು.

ಬುಧವಾರದ ಹೊತ್ತಿಗೇ ಸುಸ್ತಾಗಿರುತ್ತೀರಿ.

ಯಾಕೆಂದರೆ ನಾವೆಲ್ಲ ದಿನಾ ಹೇಳಿಕೊಳ್ಳುತ್ತಲೇ ಇದ್ದೇವೆ. ಬೆರಳಿನ ಉಂಗುರ ಹೇಳುತ್ತದೆ, ಮೇಜಿನ ಮೇಲಿನ ಫೋಟೋ ಹೇಳುತ್ತದೆ, “ನಮ್ಮೋರಿಗೆ ಹುಷಾರಿಲ್ಲ” ಅನ್ನುವ ಮಾತು ಹೇಳುತ್ತದೆ. ಅದನ್ನು ಯಾರೂ ಖಾಸಗಿ ವಿಷಯ ಅನ್ನುವುದಿಲ್ಲ. ಗೇ ಒಬ್ಬ ಅದೇ ಮಾತು ಆಡಿದ ತಕ್ಷಣ ಮಲಗುವ ಕೋಣೆಯ ವಿಷಯ ಅನ್ನಿಸಿಬಿಡುತ್ತದೆ. ಇದರಲ್ಲಿ ನಮ್ಮ ಭಾಷೆಯ ಪಾಲೂ ಇದೆ ಅಂತ ನನಗನ್ನಿಸುತ್ತದೆ. “ಸಲಿಂಗಕಾಮಿ” ಅನ್ನುವ ಪದವನ್ನೇ ನೋಡಿ, ಅದರಲ್ಲಿ ಕಾಮ ಒಂದೇ ಉಳಿದಿದೆ. ಒಟ್ಟಿಗೆ ಅಡುಗೆ ಮಾಡುವುದು, ಕರೆಂಟ್ ಬಿಲ್ ಕಟ್ಟುವುದು, ಅಪ್ಪ ತೀರಿಕೊಂಡಾಗ ಪಕ್ಕದಲ್ಲಿ ಕೂರುವುದು, ಇದ್ಯಾವುದಕ್ಕೂ ಆ ಪದದಲ್ಲಿ ಜಾಗವಿಲ್ಲ. ಮದುವೆಯಾದ ಗಂಡು ಹೆಣ್ಣನ್ನು ಯಾರಾದರೂ “ಭಿನ್ನಲಿಂಗಕಾಮಿ ದಂಪತಿ” ಅಂತ ಪರಿಚಯ ಮಾಡಿಕೊಟ್ಟಿದ್ದು ಕೇಳಿದ್ದೀರಾ?

ಅಮೆರಿಕದ ಈಡಿತ್ ವಿಂಡ್ಸರ್ ಐಬಿಎಂ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದವರು. 1967ರಲ್ಲಿ ಅವರ ಗೆಳತಿ ಥಿಯಾ ಸ್ಪೈಯರ್ ಮದುವೆಯಾಗ್ತೀಯಾ ಅಂತ ಕೇಳಿದಾಗ ಕೊಟ್ಟಿದ್ದು ಉಂಗುರವನ್ನಲ್ಲ, ಬಟ್ಟೆಗೆ ಚುಚ್ಚಿಕೊಳ್ಳುವ ವಜ್ರದ ಒಂದು ದುಂಡನೆಯ ಬ್ರೋಚ್. ಉಂಗುರ ಹಾಕಿಕೊಂಡರೆ ಜೊತೆಯವರು “ಯಾರಮ್ಮಾ ಹುಡುಗ?” ಅಂತ ಕೇಳ್ತಾರಲ್ಲ. ನೀವು ಹೇಳಿದ ಹಾಗೆ ಅವರು ಆಗ ಮನೆಯೊಳಗೇ ಇಟ್ಟುಕೊಂಡಿದ್ದರು. ನಲವತ್ತು ವರ್ಷ ಕಳೆದ ಮೇಲೆ, 2007ರಲ್ಲಿ, ಕೆನಡಾಕ್ಕೆ ಹೋಗಿ ಮದುವೆಯಾದರು. 2009ರಲ್ಲಿ ಥಿಯಾ ತೀರಿಕೊಂಡರು. ಥಿಯಾ ಬಿಟ್ಟುಹೋದ ಆಸ್ತಿಗೆ ಅಮೆರಿಕದ ಕೇಂದ್ರ ಸರ್ಕಾರ 3,63,053 ಡಾಲರ್ ತೆರಿಗೆ ಹಾಕಿತು. ಥಿಯಾ ಗಂಡಸಾಗಿದ್ದರೆ ಈ ತೆರಿಗೆಯೇ ಇರುತ್ತಿರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ಏನೂ ಅಲ್ಲ. ಎಂಬತ್ತು ದಾಟಿದ ಆ ಅಜ್ಜಿ ಕೋರ್ಟಿಗೆ ಹೋಗಿ, ಒಂದು ಕಾಲಕ್ಕೆ ಬಚ್ಚಿಟ್ಟಿದ್ದ ಪ್ರೀತಿಯನ್ನು ಎಲ್ಲರೆದುರು ಬಿಚ್ಚಿಟ್ಟು, 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು.

ಮನೆಯೊಳಗೆ ಇಟ್ಟುಕೊಂಡರೆ ಯಾರು ಕೇಳ್ತಾರೆ ಅಂದಿರಲ್ಲ, ಕೇಳಿದ್ದಾರೆ. ಬ್ರಿಟನ್ನಿನ ಗಣಿತಜ್ಞ ಆಲನ್ ಟ್ಯೂರಿಂಗ್ ಯಾವ ಮೆರವಣಿಗೆಯನ್ನೂ ಮಾಡಿರಲಿಲ್ಲ. 1952ರಲ್ಲಿ ಮನೆಯಲ್ಲಿ ಕಳ್ಳತನ ಆಯಿತು ಅಂತ ಪೊಲೀಸರಿಗೆ ದೂರು ಕೊಟ್ಟರು. ವಿಚಾರಣೆಯಲ್ಲಿ ಒಬ್ಬ ಗಂಡಸಿನ ಜೊತೆ ಸಂಬಂಧ ಇರುವುದು ಹೊರಬಿತ್ತು. ಕಳ್ಳತನದ ದೂರು ಕೊಟ್ಟವರೇ ಅಪರಾಧಿ ಆದರು, ಜೈಲು ತಪ್ಪಿಸಿಕೊಳ್ಳಲು ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1967ರಲ್ಲಿ ಕಾನೂನು ಸಡಿಲವಾಯಿತು, ಆದರೆ 21 ದಾಟಿದ ಇಬ್ಬರೇ ಗಂಡಸರು “ಖಾಸಗಿಯಾಗಿ” ಇದ್ದರೆ ಮಾತ್ರ ಅಪರಾಧವಲ್ಲ ಅಂತ. ಮೂರನೆಯವರೊಬ್ಬರು ಜೊತೆಗಿದ್ದರೆ ಅದು ಖಾಸಗಿ ಅನ್ನಿಸಿಕೊಳ್ಳುತ್ತಿರಲಿಲ್ಲ. ಆ ಪದಕ್ಕೆ ಅರ್ಥ ಕೊಡುವ ಅಧಿಕಾರ ಕೂಡ ಅವರ ಕೈಯಲ್ಲಿರಲಿಲ್ಲ.

ನಿಮ್ಮ ಸಲಹೆಯನ್ನೇ ಅಮೆರಿಕದ ಸೇನೆ 1993ರಲ್ಲಿ ನಿಯಮ ಮಾಡಿಕೊಂಡಿತ್ತು: ನಾವು ಕೇಳಲ್ಲ, ನೀವು ಹೇಳಬೇಡಿ. ಕೇಳೋಕೆ ಎಷ್ಟು ಸೌಮ್ಯವಾಗಿದೆ ಅಲ್ವಾ? 2011ರಲ್ಲಿ ಅದು ರದ್ದಾಗುವ ಹೊತ್ತಿಗೆ 13,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡಿದ್ದರು.

ಇನ್ನು ಬಾಯಿಬಿಟ್ಟು ಹೇಳಿದ್ದರಿಂದ ಏನಾದರೂ ಬದಲಾಯಿತಾ? 1972ರ ಮೇ ತಿಂಗಳು, ಡಲ್ಲಾಸ್ ನಗರ, ಅಮೆರಿಕದ ಮನೋವೈದ್ಯರ ಸಂಘದ ಸಮ್ಮೇಳನ. ಆಗ ಕಾಯಿಲೆಗಳನ್ನು ಪಟ್ಟಿ ಮಾಡಿದ ಅವರ ಪುಸ್ತಕದ ಪ್ರಕಾರ ಸಲಿಂಗ ಪ್ರೀತಿ ಒಂದು ಮಾನಸಿಕ ಕಾಯಿಲೆ. ವೇದಿಕೆಯ ಮೇಲೆ ರಬ್ಬರಿನ ಮುಖವಾಡ, ವಿಗ್, ತನ್ನ ಅಳತೆಗಿಂತ ದೊಡ್ಡದಾದ ಸೂಟು ಹಾಕಿಕೊಂಡ ಒಬ್ಬ ಮನುಷ್ಯ ಕೂತಿದ್ದ. ದನಿ ಗುರುತು ಸಿಗದ ಹಾಗೆ ಮೈಕನ್ನೂ ಬದಲಾಯಿಸಿದ್ದರು. “ನಾನು ಸಲಿಂಗಿ, ನಾನು ಮನೋವೈದ್ಯ” ಅಂತ ಮಾತು ಶುರು ಮಾಡಿದ. ತಾವು ಯಾರನ್ನು ರೋಗಿಗಳು ಅನ್ನುತ್ತಿದ್ದರೋ ಅವರೇ ತಮ್ಮ ಪಕ್ಕದಲ್ಲೇ ಕೂತು ರೋಗಿಗಳನ್ನು ನೋಡುತ್ತಿದ್ದಾರೆ ಅಂತ ಆ ಸಭೆ ಮೊದಲ ಸಲ ಕಿವಿಯಾರೆ ಕೇಳಿತು. ಮುಂದಿನ ವರ್ಷ, 1973ರ ಡಿಸೆಂಬರಿನಲ್ಲಿ, ಸಂಘ ಅದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ಅವನೊಬ್ಬನಿಂದಲೇ ಆಯಿತು ಅಂತಲ್ಲ, ಹೊರಗೆ ವರ್ಷಗಟ್ಟಲೆ ಹೋರಾಟ ನಡೆದಿತ್ತು, ಒಳಗೆ ಸಂಶೋಧನೆಗಳೂ ಬಂದಿದ್ದವು. ಆದರೆ ಒಬ್ಬ ವೈದ್ಯ ತನ್ನ ಜೊತೆಯವರಿಗೆ ತಾನು ಯಾರು ಅಂತ ಹೇಳಲು ಮುಖವಾಡ ಹಾಕಿಕೊಳ್ಳಬೇಕಾಯಿತಲ್ಲ, ಆ ಫೋಟೋ ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವರ ಹೆಸರು ಜಾನ್ ಫ್ರೈಯರ್. ಅದು ತಾನೇ ಅಂತ ಸಂಘದ ಸಭೆಯಲ್ಲಿ ಹೇಳಿಕೊಂಡಿದ್ದು 1994ರಲ್ಲಿ, ಇಪ್ಪತ್ತೆರಡು ವರ್ಷ ಆದ ಮೇಲೆ.

ಮೆರವಣಿಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1969ರ ಜೂನ್ 28ರಂದು ಗೇ ಜನ ಸೇರುತ್ತಿದ್ದ ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿಗೆ ಪೊಲೀಸರು ನುಗ್ಗಿದಾಗ ಜನ ತಿರುಗಿಬಿದ್ದರು. ಮರುವರ್ಷ ಅದೇ ದಿನ ಬೀದಿಯಲ್ಲಿ ನಡೆದರು. ಕತ್ತಲಲ್ಲಿ ಸಿಕ್ಕಿಬೀಳುವ ಭಯದಲ್ಲೇ ಬದುಕಿದವರಿಗೆ ಹಗಲಲ್ಲಿ ರಸ್ತೆಯ ನಡುವೆ ನಡೆಯುವುದೇ ದೊಡ್ಡ ಮಾತಾಗಿತ್ತು.

ಹಾಗಂತ ಎಲ್ಲರೂ ಹೇಳಿಕೊಳ್ಳಲೇಬೇಕು ಅಂತ ನಾನು ಅನ್ನುವುದಿಲ್ಲ. 60ಕ್ಕೂ ಹೆಚ್ಚು ದೇಶಗಳಲ್ಲಿ ಇದು ಇವತ್ತಿಗೂ ಅಪರಾಧ. ಉಗಾಂಡ 2023ರಲ್ಲಿ ತಂದ ಕಾನೂನಿನಲ್ಲಿ ಕೆಲವು ಸಂದರ್ಭಗಳಿಗೆ ಮರಣದಂಡನೆಯೂ ಇದೆ. ಅಲ್ಲಿ ಬಾಯಿ ಮುಚ್ಚಿಕೊಂಡಿರುವವರನ್ನು ಹೇಡಿ ಅನ್ನುವ ಹಕ್ಕು ಯಾರಿಗೂ ಇಲ್ಲ. ಸಿಕ್ಕ ಹಕ್ಕು ಉಳಿಯುತ್ತದೆ ಅನ್ನುವ ಭರವಸೆಯೂ ಇಲ್ಲ. ಭಾರತದಲ್ಲಿ 2009ರಲ್ಲಿ ದೆಹಲಿ ಹೈಕೋರ್ಟ್ ಇದು ಅಪರಾಧ ಅಲ್ಲ ಅಂದಿತು. ಅದನ್ನು ನಂಬಿ ಎಷ್ಟೋ ಜನ ಮನೆಯಲ್ಲಿ, ಕೆಲಸದ ಜಾಗದಲ್ಲಿ ಹೇಳಿಕೊಂಡರು. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳೋಕೆ ಆಗುತ್ತಾ? 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟ್ ತಪ್ಪು ತಿದ್ದಿಕೊಳ್ಳುವವರೆಗೂ ಅವರೆಲ್ಲ ಗುರುತು ಕೊಟ್ಟ ಅಪರಾಧಿಗಳಾಗಿ ಬದುಕಿದರು.

ಈಗ ನಿಮ್ಮ ಆಫೀಸಿನವರ ವಿಷಯ. ಅವರು ನಿಮ್ಮ ಅಭಿಪ್ರಾಯ ಕೇಳಿಲ್ಲ, ಒಪ್ಪಿಗೆಯನ್ನೂ ಕೇಳಿಲ್ಲ. ಪ್ರತಿ ಸೋಮವಾರ ಸುಳ್ಳು ಹೇಳೋದು ಸಾಕಾಗಿ ನಿಮ್ಮ ಹತ್ತಿರ ನಿಜ ಹೇಳಿದ್ದಾರೆ. ಬೇರೆಯವರಿಗೂ ಹೇಳಿದ್ದಾರಾ ಅಂತ ಅವರನ್ನೇ ಕೇಳಿ, ಇಲ್ಲ ಅಂದರೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಖಾಸಗಿ ಅನ್ನುವ ಮಾತು ನಿಜವಾಗಿ ಸಲ್ಲುವುದು ಅಲ್ಲಿ, ಯಾರಿಗೆ ಯಾವಾಗ ಹೇಳಬೇಕು ಅನ್ನುವುದು ಅವರಿಗೆ ಬಿಟ್ಟಿದ್ದು. ಮುಂದಿನ ಸಲ ರಜೆ ಮುಗಿಸಿ ಬಂದಾಗ ಬೇರೆಯವರನ್ನು ಕೇಳುವ ಹಾಗೆಯೇ ಕೇಳಿ, “ನಿಮ್ಮವರು ಹೇಗಿದ್ದಾರೆ?” ಅಂತ. ಕನ್ನಡದಲ್ಲಿ ಆ ಮಾತಿಗೆ ಗಂಡು ಹೆಣ್ಣಿನ ಭೇದವಿಲ್ಲ.