ರಸಾಯನಶಾಸ್ತ್ರ ಒಲಿಂಪಿಯಾಡ್‌ಗೆ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದುತ್ತಿದ್ದೇನೆ. ರಸಾಯನಶಾಸ್ತ್ರವೆಂದರೆ ನನಗೆ ತುಂಬ ಇಷ್ಟ. ಒಲಿಂಪಿಯಾಡ್ ಪರೀಕ್ಷೆ ಬರೆಯುವ ಆಸೆಯಿದೆ, ಆದರೆ ನಮ್ಮ ಊರಿನಲ್ಲಿ ಇದಕ್ಕೆ ತರಬೇತಿ ಕೊಡುವವರಿಲ್ಲ. ನಾನು ಎಲ್ಲಿಂದ ಆರಂಭಿಸಬೇಕು?

ಉತ್ತರ: ಪಿಯುಸಿ ಪಠ್ಯಪುಸ್ತಕದ ಮೋಲ್ (ಅಣು, ಪರಮಾಣುಗಳನ್ನು ಎಣಿಸುವ ಮಾನ) ಪರಿಕಲ್ಪನೆಯ ಅಧ್ಯಾಯದಿಂದ ಮತ್ತು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳಿಂದ ಆರಂಭಿಸಿ. ಇವೆರಡಕ್ಕೂ ತರಬೇತಿ ಕೇಂದ್ರ ಬೇಕಾಗಿಲ್ಲ.

ಮೊದಲು ಹೆಸರಿನ ಗೊಂದಲವನ್ನು ಬಗೆಹರಿಸಿಕೊಳ್ಳೋಣ. ಶಾಲೆಗಳಲ್ಲಿ ಶುಲ್ಕ ಪಡೆದು ನಡೆಸುವ ಹಲವು ಖಾಸಗಿ ಪರೀಕ್ಷೆಗಳಿಗೂ ಒಲಿಂಪಿಯಾಡ್ ಎಂಬ ಹೆಸರಿದೆ. ಅವುಗಳಲ್ಲಿ ಎಷ್ಟೇ ಅಂಕ ಬಂದರೂ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಲಿಂಪಿಯಾಡ್‌ಗೆ ದಾರಿ ತೆರೆಯುವುದಿಲ್ಲ. ಆ ಸ್ಪರ್ಧೆ 1968ರಲ್ಲಿ ಪ್ರಾಗ್‌ನಲ್ಲಿ ಮೂರು ದೇಶಗಳ ನಡುವೆ ಶುರುವಾಯಿತು. ಭಾರತ 1999ರಿಂದ ಅದರಲ್ಲಿ ಭಾಗವಹಿಸುತ್ತಿದ್ದು, 2001ರಲ್ಲಿ ಮುಂಬೈಯಲ್ಲಿ ಅದರ ಆತಿಥ್ಯವನ್ನೂ ವಹಿಸಿತ್ತು. ಅದಕ್ಕೆ ಒಯ್ಯುವ ಮೊದಲ ಮೆಟ್ಟಿಲು, ಭಾರತೀಯ ಭೌತಶಾಸ್ತ್ರ ಶಿಕ್ಷಕರ ಸಂಘವು ಸಾಮಾನ್ಯವಾಗಿ ನವೆಂಬರ್‌ನಲ್ಲಿ ನಡೆಸುವ ಎನ್‌ಎಸ್‌ಇಸಿ ಪರೀಕ್ಷೆ. ಇದನ್ನು ಹನ್ನೆರಡನೇ ತರಗತಿಯವರೆಗಿನ ವಿದ್ಯಾರ್ಥಿಗಳು ಬರೆಯಬಹುದು. ಅಲ್ಲಿ ಆಯ್ಕೆಯಾದವರು ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು ನಡೆಸುವ ಐಎನ್‌ಸಿಎಚ್‌ಒ ಎಂಬ ಎರಡನೇ ಹಂತದ ಪರೀಕ್ಷೆಯನ್ನು ಬರೆಯುತ್ತಾರೆ. ಅದರಲ್ಲಿ ಮುಂದೆ ಬಂದ ಸಣ್ಣ ಗುಂಪಿಗೆ ಅದೇ ಕೇಂದ್ರದಲ್ಲಿ ಶಿಬಿರ ನಡೆಯುತ್ತದೆ, ಶಿಬಿರದಿಂದ ನಾಲ್ವರ ತಂಡ ಆಯ್ಕೆಯಾಗುತ್ತದೆ. ಹತ್ತನೇ ತರಗತಿಯವರೆಗಿನ ವಿದ್ಯಾರ್ಥಿಗಳಿಗಾಗಿಯೇ ಎನ್‌ಎಸ್‌ಇಜೆಎಸ್ ಎಂಬ ಕಿರಿಯರ ವಿಜ್ಞಾನ ಪರೀಕ್ಷೆ ಇದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿರುವ ಆ ಪರೀಕ್ಷೆ ಈಗ ನಿಮಗೆ ಒಳ್ಳೆಯ ಅಭ್ಯಾಸವಾದೀತು.

ಈ ಪರೀಕ್ಷೆಗಳಿಗೆ ಹೆಚ್ಚು ಕ್ರಿಯೆಗಳನ್ನು ಬಾಯಿಪಾಠ ಮಾಡಬೇಕೆಂದು ಅನೇಕರು ಭಾವಿಸುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ಗೊತ್ತಿರುವ ಸ್ವಲ್ಪವೇ ತತ್ತ್ವಗಳನ್ನು ಗೊತ್ತಿಲ್ಲದ ಸನ್ನಿವೇಶಕ್ಕೆ ಅನ್ವಯಿಸಬಲ್ಲಿರಾ ಎಂಬುದನ್ನು, ಅದರಲ್ಲೂ ಎರಡನೇ ಹಂತದಿಂದ ಮುಂದೆ, ಈ ಸ್ಪರ್ಧೆ ಪರೀಕ್ಷಿಸುತ್ತದೆ. ಪಿಯುಸಿ ಪ್ರಯೋಗಾಲಯದಲ್ಲಿ ನೀವು ಮಾಡಲಿರುವ ಒಂದು ಪ್ರಯೋಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಎರಡು ಅಣು ಸ್ಫಟಿಕಜಲವಿರುವ ಆಕ್ಸಾಲಿಕ್ ಆಮ್ಲವನ್ನು 0.63 ಗ್ರಾಂ ತೂಗಿ, ನೀರಿನಲ್ಲಿ ಕರಗಿಸಿ 250 ಮಿ.ಲೀ. ಮಾಡಿದ್ದೀರಿ ಎಂದುಕೊಳ್ಳಿ. ಅದರ 10 ಮಿ.ಲೀ.ಗೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಬಿಸಿ ಮಾಡಿ, 0.01 ಮೋಲಾರ್ (ಲೀಟರಿಗೆ 0.01 ಮೋಲ್) ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣವನ್ನು ಬ್ಯೂರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ಹನಿಹನಿಯಾಗಿ ಬಿಟ್ಟರೆ, 8.0 ಮಿ.ಲೀ. ಆದಾಗ ತಿಳಿ ಗುಲಾಬಿ ಬಣ್ಣ ಮಾಯವಾಗದೆ ಉಳಿಯುತ್ತದೆ, ಅಂದರೆ ಆಕ್ಸಾಲಿಕ್ ಆಮ್ಲವೆಲ್ಲ ಮುಗಿದಿದೆ. ಎರಡು ಪರ್ಮಾಂಗನೇಟ್ ಅಯಾನುಗಳಿಗೆ ಐದು ಆಕ್ಸಲೇಟ್ ಅಯಾನುಗಳು ಎಂಬ ಅನುಪಾತ ಗೊತ್ತಿದ್ದರೆ ಲೆಕ್ಕ ಮುಗಿಯಿತು, ಮತ್ತು ವಾರ್ಷಿಕ ಪರೀಕ್ಷೆಗೆ ಇಷ್ಟೇ ಸಾಕು. ಒಲಿಂಪಿಯಾಡ್ ಮಾದರಿಯ ಪ್ರಶ್ನೆಗಳು ಇಲ್ಲಿಂದಾಚೆಗೆ ಹುಟ್ಟುತ್ತವೆ. ಅದೇ 0.63 ಗ್ರಾಂಗೆ 8.0ರ ಬದಲು 9.3 ಮಿ.ಲೀ. ಬೇಕಾಯಿತು ಎನ್ನಿ, ಸ್ಫಟಿಕಕ್ಕೆ ಏನಾಗಿರಬಹುದು? ಹಿಂದಕ್ಕೆ ಲೆಕ್ಕ ಹಾಕಿದರೆ ಮೋಲಾರ್ ರಾಶಿ (ಒಂದು ಮೋಲ್‌ನ ತೂಕ, ಗ್ರಾಂಗಳಲ್ಲಿ) 126ರ ಬದಲು ಸುಮಾರು 108 ಬರುತ್ತದೆ, ಅಂದರೆ ಸರಾಸರಿ ಒಂದು ಅಣು ನೀರು ಹಾರಿಹೋಗಿದೆ. ಬಿಸಿ ಮಾಡಿದ್ದರೂ ಮೊದಲ ಹನಿಗಳ ಬಣ್ಣ ಮಾಯವಾಗಲು ಹೊತ್ತು ಹಿಡಿದು, ಆಮೇಲೆ ತಟ್ಟನೆ ಮಾಯವಾಗುತ್ತದೆ, ಏಕೆ? ಕ್ರಿಯೆಯಲ್ಲಿ ಉಂಟಾಗುವ ಮ್ಯಾಂಗನೀಸ್ ಅಯಾನೇ ಆ ಕ್ರಿಯೆಗೆ ಕ್ರಿಯಾವರ್ಧಕವಾಗಿ ಕೆಲಸ ಮಾಡುವುದರಿಂದ. ಹಾಗಾದರೆ ಮೊದಲೇ ಚಿಟಿಕೆ ಮ್ಯಾಂಗನೀಸ್ ಸಲ್ಫೇಟ್ ಹಾಕಿದರೆ ಏನಾಗಬೇಕು ಎಂಬುದನ್ನು ನೀವೇ ಊಹಿಸಬಲ್ಲಿರಿ. ಸಲ್ಫ್ಯೂರಿಕ್ ಆಮ್ಲದ ಬದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದ್ದರೆ ಪರ್ಮಾಂಗನೇಟಿನ ಒಂದು ಪಾಲು ಕ್ಲೋರೈಡನ್ನು ಉತ್ಕರ್ಷಿಸುವುದರಲ್ಲೇ ಖರ್ಚಾಗಿ, ಬ್ಯೂರೆಟ್ ಅಳತೆ ಹೆಚ್ಚು ಬರುತ್ತಿತ್ತು. ಆಮ್ಲ ಸಾಲದಿದ್ದರೆ ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಉಂಟಾಗುತ್ತದೆ, ಆಗ ಪ್ರತಿ ಮ್ಯಾಂಗನೀಸ್ ಪರಮಾಣು ಐದರ ಬದಲು ಮೂರೇ ಎಲೆಕ್ಟ್ರಾನ್ ಪಡೆಯುವುದರಿಂದ ಅಲ್ಲಿಯೂ ಅಳತೆ ಹೆಚ್ಚುತ್ತದೆ. ಒಂದೇ ಪ್ರಯೋಗದಲ್ಲಿ ಮೋಲ್ ಲೆಕ್ಕ, ಕ್ರಿಯೆಯ ವೇಗ, ಉತ್ಕರ್ಷಣ ಸಂಖ್ಯೆ ಎಲ್ಲವೂ ಕೂಡಿ ಬಂದಿರುವುದನ್ನು ಗಮನಿಸಿ. ಪುಸ್ತಕದ ಪ್ರತಿಯೊಂದು ಪ್ರಯೋಗಕ್ಕೂ ‘ಇದೇ ಏಕೆ, ಬೇರೆಯದಾದರೆ ಏನಾಗುತ್ತಿತ್ತು’ ಎಂದು ಕೇಳಿಕೊಳ್ಳುವ ವಿದ್ಯಾರ್ಥಿಯು ಸ್ಪರ್ಧೆಯ ತಯಾರಿಯನ್ನು ಆಗಲೇ ಶುರು ಮಾಡಿದಂತೆ.

ಹಿಂದಿನ ಐಎನ್‌ಸಿಎಚ್‌ಒ ಪ್ರಶ್ನೆಪತ್ರಿಕೆಗಳು ಉತ್ತರಗಳೊಡನೆ ಹೋಮಿ ಭಾಭಾ ಕೇಂದ್ರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವನ್ನು ಗಡಿಯಾರ ಇಟ್ಟುಕೊಂಡು ಬಿಡಿಸಬೇಡಿ. ಒಂದು ಪ್ರಶ್ನೆಗೆ ಒಂದು ವಾರ ಹಿಡಿದರೂ ಚಿಂತೆಯಿಲ್ಲ. ಪ್ರಶ್ನೆಯಲ್ಲಿ ಬಂದ ಹೊಸ ವಿಷಯವನ್ನು ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಹುಡುಕಿ ಓದಿ, ಮತ್ತೆ ಪ್ರಯತ್ನಿಸಿ, ಉತ್ತರವನ್ನು ಕೊನೆಗೆ ನೋಡಿ. ವೇಗದ ಅಭ್ಯಾಸ ಬೇಕಾಗುವುದು ಎರಡು ಗಂಟೆಯಲ್ಲಿ 60 ಪ್ರಶ್ನೆಗಳಿರುವ ಎನ್‌ಎಸ್‌ಇಸಿಗೆ, ಅದೂ ಪರೀಕ್ಷೆಗೆ ಕೆಲವು ತಿಂಗಳಿರುವಾಗ.

ಕನ್ನಡ ಮಾಧ್ಯಮದ ಬಗ್ಗೆ ನಿಮಗೆ ಅಳುಕಿದ್ದರೆ ಅದು ಸಹಜ. ಪಿಯುಸಿ ವಿಜ್ಞಾನವನ್ನು ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷಿನಲ್ಲಿ ಓದುತ್ತಾರೆ, ಐಎನ್‌ಸಿಎಚ್‌ಒ ಪತ್ರಿಕೆಗಳ ಇಂಗ್ಲಿಷ್ ವಾಕ್ಯಗಳೂ ಉದ್ದವಾಗಿರುತ್ತವೆ. ಹತ್ತನೇ ತರಗತಿಯ ಪರೀಕ್ಷೆ ಮುಗಿದ ಬೇಸಿಗೆ ರಜೆಯಲ್ಲಿ ಪ್ರಥಮ ಪಿಯುಸಿಯ ಮೊದಲ ಮೂರು ನಾಲ್ಕು ಅಧ್ಯಾಯಗಳನ್ನು ಎರಡೂ ಭಾಷೆಯ ಪಾರಿಭಾಷಿಕ ಪದಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳುತ್ತ ಓದಿ. ಕನ್ನಡದಲ್ಲಿ ಅರ್ಥ ಮಾಡಿಕೊಂಡ ರಸಾಯನಶಾಸ್ತ್ರ ಎಲ್ಲಿಯೂ ನಷ್ಟವಾಗುವುದಿಲ್ಲ, ಸಮೀಕರಣಗಳು ಎರಡು ಭಾಷೆಯಲ್ಲೂ ಒಂದೇ.

ಪ್ರಯೋಗಾಲಯವನ್ನು ಕಡೆಗಣಿಸುವುದು ನಾನು ಅತಿ ಹೆಚ್ಚು ಕಾಣುವ ಕೊರತೆ, ಮತ್ತು ಇದು ನನಗೆ ನಿಜಕ್ಕೂ ಬೇಸರ ತರುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ನೂರರಲ್ಲಿ 40 ಅಂಕ ಪ್ರಾಯೋಗಿಕ ಪರೀಕ್ಷೆಗೆ ಮೀಸಲು. ಅವಧಿಯ ಕೊನೆಗೆ ‘ರೀಡಿಂಗ್’ ಸರಿಹೊಂದಿಸಿ ಬರೆಯುವ ಅಭ್ಯಾಸವನ್ನು ದಯವಿಟ್ಟು ಕಲಿಯಬೇಡಿ. ಬಂದ ಅಳತೆಯನ್ನು ಬಂದ ಹಾಗೆಯೇ ಬರೆದು, ಅದು ಏಕೆ ಹಾಗೆ ಬಂತೆಂದು ನಿಮ್ಮ ಉಪನ್ಯಾಸಕರೊಡನೆ ಚರ್ಚಿಸಿ. ಮನೆಯಲ್ಲಿ ಒಬ್ಬರೇ ರಾಸಾಯನಿಕಗಳೊಡನೆ ಪ್ರಯೋಗಕ್ಕಿಳಿಯುವುದು ಬೇಡ.

ನೋಂದಣಿ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ನಡೆಯುತ್ತದೆ, ಶಾಲೆ ಕಾಲೇಜುಗಳೇ ಪರೀಕ್ಷಾ ಕೇಂದ್ರಗಳಾಗುತ್ತವೆ. ವಯಸ್ಸು ಮತ್ತು ತರಗತಿಯ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ಓದಿಕೊಳ್ಳಿ. ನಿಮ್ಮ ತಾಲ್ಲೂಕಿನಲ್ಲಿ ಕೇಂದ್ರವಿಲ್ಲದಿದ್ದರೆ ಜೂನ್‌ನಲ್ಲೇ ಮುಖ್ಯೋಪಾಧ್ಯಾಯರನ್ನು ಕಂಡು, ನಿಮ್ಮ ಶಾಲೆಯನ್ನೇ ಕೇಂದ್ರವಾಗಿ ನೋಂದಾಯಿಸಲು ಸಾಧ್ಯವೇ ಎಂದು ವಿಚಾರಿಸಿ. ಪರೀಕ್ಷೆ ಬರೆಯಲು ಬಯಸುವ ಸಹಪಾಠಿಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ.