ತುಂಡು ಕಾಡಿನಲ್ಲಿ ಹಕ್ಕಿಗಳ ಲೆಕ್ಕ

ಬ್ರೆಜಿಲಿನ ಮನೌಸ್ ನಗರದ ಉತ್ತರಕ್ಕೆ ದನಗಳ ಹುಲ್ಲುಗಾವಲಿಗಾಗಿ ಅಮೆಜಾನ್ ಕಾಡನ್ನು ಕಡಿಯುತ್ತಿದ್ದ ಕಾಲದಲ್ಲಿ, ಜಮೀನಿನ ಅರ್ಧದಷ್ಟು ಕಾಡನ್ನು ಉಳಿಸಲೇಬೇಕೆಂಬ ಕಾನೂನು ಅಲ್ಲಿತ್ತು. ಹೇಗೂ ಉಳಿಸಬೇಕಾದ ಕಾಡಿನಲ್ಲಿ ಒಂದಷ್ಟನ್ನು ಚೌಕದ ತುಂಡುಗಳಾಗಿ ಬಿಡಿ ಎಂದು ಜೀವವಿಜ್ಞಾನಿ ಥಾಮಸ್ ಲವ್‌ಜಾಯ್ ಜಮೀನ್ದಾರರನ್ನು ಒಪ್ಪಿಸಿದರು. ಕಾಡು ತುಂಡಾದರೆ ಅಲ್ಲಿನ ಜೀವಿಗಳಿಗೆ ಏನಾಗುತ್ತದೆ ಎಂದು ತಿಳಿಯಲು 1979ರಲ್ಲಿ ಆರಂಭವಾದ ಈ ಅಧ್ಯಯನಕ್ಕೆ 1, 10 ಮತ್ತು 100 ಹೆಕ್ಟೇರಿನ ಒಟ್ಟು 11 ತುಂಡುಗಳು ದೊರೆತವು. 100 ಹೆಕ್ಟೇರ್ ಎಂದರೆ ಸುಮಾರು 250 ಎಕರೆ, ನಮ್ಮ ಮಲೆನಾಡಿನ ದೊಡ್ಡ ಕಾಫಿ ತೋಟವೊಂದರಷ್ಟು ಜಾಗ. ಮರ ಬೀಳುವ ಮೊದಲೇ ಹಕ್ಕಿಗಳನ್ನು ಎಣಿಸಲು ಸಾಧ್ಯವಾದದ್ದು ಈ ಪ್ರಯೋಗದ ನಿಜವಾದ ಬಲ.

ಸುತ್ತಲ ಕಾಡು ಉರುಳಿದ ಕೂಡಲೇ, ತೆಳುವಾದ ಬಲೆಗಳಿಗೆ ಸಿಗುವ ಹಕ್ಕಿಗಳ ಸಂಖ್ಯೆ ಏರಿತು. ಅವು ಮನೆ ಕಳೆದುಕೊಂಡು ಬಂದ ನಿರಾಶ್ರಿತ ಹಕ್ಕಿಗಳು. ಆಗ ಮಾತ್ರ ಎಣಿಸಿದವರು ತುಂಡು ಕಾಡು ಸಮೃದ್ಧವಾಗಿದೆ ಎಂದೇ ಬರೆದುಕೊಳ್ಳುತ್ತಿದ್ದರು. ಕೆಲವೇ ತಿಂಗಳಲ್ಲಿ ಆ ಸಂಖ್ಯೆ ಕುಸಿಯಿತು. ನೆಲಕ್ಕೆ ಹತ್ತಿರದ ಪೊದೆಗಳಲ್ಲಿ ಬದುಕುವ ಹಕ್ಕಿಗಳನ್ನು ಲೆಕ್ಕ ಹಾಕಿದಾಗ, 100 ಹೆಕ್ಟೇರಿನ ತುಂಡು ಕೂಡ 15 ವರ್ಷದೊಳಗೆ ಅರ್ಧದಷ್ಟು ಪ್ರಭೇದಗಳನ್ನು ಕಳೆದುಕೊಳ್ಳುತ್ತದೆ ಎಂದು ತಿಳಿಯಿತು.

ಮೊದಲು ಮಾಯವಾದವು ಇರುವೆಗಳ ಬೆನ್ನು ಹತ್ತುವ ಹಕ್ಕಿಗಳು. ಬಿಳಿ ಗಡ್ಡ, ಹಣೆಯ ಮೇಲೆ ಬಿಳಿ ತುರಾಯಿ, ಕಿತ್ತಳೆ ಬಣ್ಣದ ಕಾಲುಗಳಿರುವ ಪುಟ್ಟ ಹಕ್ಕಿಯೊಂದು ನೆಟ್ಟಗಿನ ಸಣ್ಣ ಕಾಂಡವನ್ನು ಕಚ್ಚಿ ಹಿಡಿದಂತೆ ಕುಳಿತು, ಕೆಳಗೆ ದಂಡು ಕಟ್ಟಿ ಸಾಗುವ ಸೈನಿಕ ಇರುವೆಗಳನ್ನೇ ನೋಡುತ್ತಿರುತ್ತದೆ. ಅದಕ್ಕೆ ಬೇಕಾದದ್ದು ಇರುವೆಗಳಲ್ಲ, ಅವುಗಳಿಗೆ ಹೆದರಿ ತರಗೆಲೆಯಡಿಯಿಂದ ಜಿಗಿಯುವ ಮಿಡತೆ, ಜಿರಳೆ, ಜೇಡಗಳು. ಆದರೆ ಇರುವೆಗಳ ಒಂದು ದಂಡು ಸುಮಾರು ಮೂರು ವಾರ ಒಂದೇ ಕಡೆ ತಂಗಿ, ಆಗ ಬೇಟೆಯನ್ನು ತಗ್ಗಿಸುತ್ತದೆ. ಹಾಗಾಗಿ ಹಕ್ಕಿಗೆ ದಿನವೂ ಹೊಟ್ಟೆ ತುಂಬಬೇಕಾದರೆ ಹಲವು ದಂಡುಗಳು ಓಡಾಡುವಷ್ಟು ವಿಶಾಲವಾದ ಕಾಡು ಬೇಕು. 10 ಹೆಕ್ಟೇರಿನಲ್ಲಿ ಒಂದು ದಂಡಿಗೇ ಜಾಗ ಸಾಲದು.

ಪಕ್ಕದ ದೊಡ್ಡ ಕಾಡಿಗೆ ಹಾರಿಹೋಗಬಹುದಲ್ಲ ಎಂದು ಕೇಳಬಹುದು. ಕೆಲವೆಡೆ ನಡುವೆ ಇದ್ದದ್ದು 80 ಮೀಟರ್ ಬಯಲು ಮಾತ್ರ, ರೆಕ್ಕೆಗೆ ಅದು ಯಾವ ಲೆಕ್ಕ? ಆದರೆ ಮಬ್ಬು ನೆರಳಿಗೆ ಒಗ್ಗಿದ ಈ ಹಕ್ಕಿಗಳಿಗೆ ಅಷ್ಟು ಬಯಲೇ ಗೋಡೆಯಾಯಿತು. ಮುಂದೆ ಹುಲ್ಲುಗಾವಲುಗಳನ್ನು ಕೈಬಿಟ್ಟಾಗ, ಬಯಲಿನಲ್ಲಿ ಬೇಗ ಬೆಳೆಯುವ ಸೆಕ್ರೋಪಿಯಾ ಮರಗಳು ಎದ್ದು ನೆರಳು ಕೂಡಿದ ಕಡೆಗಳಲ್ಲಿ ಅವು ಹಳೆಯ ತುಂಡುಗಳಿಗೆ ಮರಳಿದವು. ತುಂಡುಗಳನ್ನು ತುಂಡುಗಳಾಗಿಯೇ ಉಳಿಸಿಕೊಳ್ಳಲು, ಸುತ್ತಲ 100 ಮೀಟರ್ ಅಗಲದ ಪಟ್ಟಿಯನ್ನು ಸಂಶೋಧಕರೇ ಆಗಾಗ ಸವರಿಸಬೇಕಾಯಿತು.