ಪಿಂಚಣಿ ಇಲ್ಲದ ಮಾಜಿ ಸೈನಿಕರು ನಿಮ್ಮೂರಲ್ಲಿದ್ದಾರಾ?

ಡಿಸೆಂಬರ್ 7 ಬಂತೆಂದರೆ ಶಾಲೆ, ಸರ್ಕಾರಿ ಕಚೇರಿಗಳಲ್ಲಿ ಕೆಂಪು, ಕಡುನೀಲಿ, ತಿಳಿನೀಲಿ ಪಟ್ಟಿಯ ಪುಟ್ಟ ಧ್ವಜ ಹಂಚುತ್ತಾರೆ. 1949ರಿಂದ ನಡೆದುಬಂದಿರುವ ಸಶಸ್ತ್ರ ಪಡೆಗಳ ಧ್ವಜ ದಿನ ಅದು. ಹತ್ತೋ ಇಪ್ಪತ್ತೋ ಕೊಟ್ಟು ಅಂಗಿಗೆ ಚುಚ್ಚಿಕೊಳ್ಳುತ್ತೇವೆ. ಆ ದುಡ್ಡಿನ ಒಂದು ಪಾಲು ಪಿಂಚಣಿ ಇಲ್ಲದ ಮುದಿ ಸೈನಿಕರಿಗೆ ಹೋಗುತ್ತದೆ ಅಂತ ಎಷ್ಟು ಜನರಿಗೆ ಗೊತ್ತು?

ಸೈನಿಕರಿಗೂ ಪಿಂಚಣಿ ಇಲ್ಲವಾ ಅಂತ ಆಶ್ಚರ್ಯಪಡುವವರೇ ಜಾಸ್ತಿ. ಜವಾನರಿಗೆ ಸಾಮಾನ್ಯವಾಗಿ 15 ವರ್ಷ ಸೇವೆ ಆಗಿದ್ದರೆ ಮಾತ್ರ ಪಿಂಚಣಿ. ತಂದೆ ತೀರಿಕೊಂಡರು, ಹೊಲ ನೋಡುವವರಿಲ್ಲ ಅಂತ ಎಂಟು ಹತ್ತು ವರ್ಷಕ್ಕೇ ಬಿಟ್ಟು ಬಂದವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರಲ್ಲಿ ಯುದ್ಧ ಕಂಡವರೂ ಇದ್ದಾರೆ.

ಇಂಥವರಿಗಾಗಿ ಪೆನ್ಯೂರಿ ಗ್ರಾಂಟ್, ಅಂದರೆ ಕಡುಬಡತನದಲ್ಲಿರುವವರಿಗೆ ಕೊಡುವ ಮಾಸಿಕ ನೆರವು ಇದೆ. 65 ದಾಟಿರಬೇಕು, ಹವಾಲ್ದಾರ್ ಅಥವಾ ಅದಕ್ಕಿಂತ ಕೆಳಗಿನ ದರ್ಜೆಯವರಾಗಿರಬೇಕು, ಬೇರೆ ಆದಾಯ ಇರಬಾರದು. ಸೈನಿಕರು ತೀರಿಕೊಂಡಿದ್ದರೆ ಅವರ ಪತ್ನಿಗೂ ಸಿಗುತ್ತದೆ. ತಿಂಗಳಿಗೆ 4,000 ರೂಪಾಯಿ ಇದ್ದದ್ದನ್ನು 2025ರ ನವೆಂಬರ್ 1ರಿಂದ 8,000 ಮಾಡಿದ್ದಾರೆ. ಬದುಕಿರುವವರೆಗೂ ಬರುವ ಹಣ ಇದು. ಮಕ್ಕಳ ಓದಿನ, ಹೆಣ್ಣುಮಕ್ಕಳ ಮದುವೆಯ ನೆರವೂ ಆಗಲೇ ಎರಡು ಪಟ್ಟಾಯಿತು. ಎರಡನೇ ಮಹಾಯುದ್ಧದಲ್ಲಿ ದುಡಿದವರಿಗೆ, ಅವರ ಪತ್ನಿಯರಿಗೆ ರಾಜ್ಯ ಸರ್ಕಾರವೇ ಬೇರೆಯಾಗಿ ಮಾಸಿಕ ನೆರವು ಕೊಡುತ್ತದೆ.

ಇಂಥ ನೆರವನ್ನು ನೋಡಿಕೊಳ್ಳಲು ದೆಹಲಿಯಲ್ಲಿ ಕೇಂದ್ರೀಯ ಸೈನಿಕ ಮಂಡಳಿ ಇದೆ. ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ. ಅದರ ಕೆಳಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳು. ಇಂಥ ಕಚೇರಿಯ ಮೇಜಿನ ಹಿಂದೆ ಕೂತು ಅರ್ಜಿ ನೋಡುವುದು ನನ್ನ ಕೆಲಸ. ಎಲ್ಲ ಜಿಲ್ಲೆಗೂ ಪ್ರತ್ಯೇಕ ಕಚೇರಿ ಇಲ್ಲ, ಕೆಲವು ಕಡೆ ಪಕ್ಕದ ಜಿಲ್ಲೆಗೇ ಹೋಗಬೇಕು. ಎಂಬತ್ತು ದಾಟಿದವರಿಗೆ ಎರಡು ಬಸ್ ಬದಲಿಸಿ ಬರುವುದೇ ದೊಡ್ಡ ಪ್ರಯಾಸ.

ಅದಕ್ಕಿಂತ ದೊಡ್ಡ ತೊಡಕು ಕಾಗದದ್ದು. ಎಲ್ಲಕ್ಕೂ ಮೂಲ ಡಿಸ್ಚಾರ್ಜ್ ಬುಕ್, ಅಂದರೆ ಸೇನೆ ಬಿಡುವಾಗ ಕೊಡುವ ಸೇವಾ ವಿವರದ ಪುಸ್ತಕ. ಟ್ರಂಕಿನ ತಳದಲ್ಲಿ ಪ್ಲಾಸ್ಟಿಕ್ ಚೀಲ ಸುತ್ತಿಟ್ಟಿರುತ್ತಾರೆ. ಮಳೆ ನೀರು ಇಳಿದು ಹಾಳೆಗಳು ಒಂದಕ್ಕೊಂದು ಅಂಟಿರುತ್ತವೆ. ಕಿಟಕಿಯ ಬೆಳಕಿಗೆ ಹಿಡಿದು ಆರ್ಮಿ ನಂಬರ್ ಓದಬೇಕಾಗುತ್ತದೆ. ಆ ನಂಬರ್, ರೆಜಿಮೆಂಟ್ ಹೆಸರು, ಸೇರಿದ ವರ್ಷ ಇಷ್ಟು ಸಿಕ್ಕರೆ ಅರ್ಧ ಕೆಲಸ ಆದಂತೆ. ಬುಕ್ ಕಳೆದೇ ಹೋಗಿದ್ದರೂ ಕೈಚೆಲ್ಲಬೇಡಿ. ಪೊಲೀಸ್ ಠಾಣೆಯಲ್ಲಿ ದೂರು ಕೊಡಿ, ಅಫಿಡವಿಟ್ ಮಾಡಿಸಿ. ನಕಲು ಪ್ರತಿಗಾಗಿ ನಾವು ಆ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೆಯುತ್ತೇವೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಾದರೆ ಬೆಳಗಾವಿಗೆ, ಮದ್ರಾಸ್ ರೆಜಿಮೆಂಟಿನವರಾದರೆ ತಮಿಳುನಾಡಿನ ವೆಲಿಂಗ್ಟನ್‌ಗೆ.

ಇನ್ನು ಹೆಸರಿನ ಗೋಳು. ಸೇನೆಯ ದಾಖಲೆಯಲ್ಲಿ ಹೆಂಡತಿ ಯಲ್ಲವ್ವ, ಆಧಾರ್‌ನಲ್ಲಿ ಯಲ್ಲಮ್ಮ. ಕೆಲವರ ದಾಖಲೆಯಲ್ಲಿ ಹೆಂಡತಿಯ ಹೆಸರೇ ಇರುವುದಿಲ್ಲ. ಮದುವೆ ಆದಮೇಲೆ ಯೂನಿಟ್‌ಗೆ ತಿಳಿಸಿ ಬರೆಸಿರುವುದಿಲ್ಲ, ಅಷ್ಟೇ. ಗಂಡ ಇರುವಾಗ ಇದನ್ನು ಸರಿಪಡಿಸುವುದು ಸುಲಭ. ಅವರು ತೀರಿಕೊಂಡ ಮೇಲೆ ಆ ತಾಯಿ ತಾನು ಅವರ ಹೆಂಡತಿ ಅಂತ ಕಾಗದದಲ್ಲಿ ಸಾಬೀತು ಮಾಡುತ್ತಾ ವರ್ಷಗಟ್ಟಲೆ ಅಲೆಯಬೇಕು. ಇದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ. ಪಿಂಚಣಿ ಬರುತ್ತಿರುವ ಮನೆಯವರೂ ಇವತ್ತೇ ಪಿಪಿಓ (ಪಿಂಚಣಿ ಪಾವತಿ ಆದೇಶ) ತೆಗೆದು ನೋಡಿ, ಹೆಂಡತಿಯ ಹೆಸರು, ಹುಟ್ಟಿದ ದಿನ ಸರಿ ಇದೆಯಾ ಅಂತ.

ಸ್ಮಾರಕದ ವಿಷಯದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ 2021ರಲ್ಲಿ ಮ್ಯೂಸಿಯಂ ಆಯಿತು. ಮಹಾವೀರ ಚಕ್ರ ಪಡೆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆಯೂ ಅದೇ ಊರಲ್ಲಿದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಸೈನಿಕ ಸ್ಮಾರಕವಿದೆ. ಇವೆಲ್ಲ ಬೇಕು, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಆದರೆ ಬದುಕಿರುವ ಸೈನಿಕರ ಹೆಸರು ನಮ್ಮ ರಿಜಿಸ್ಟರಿಗೆ ಬರಬೇಕಾದರೆ ಯಾರಾದರೂ ಅವರನ್ನು ಕಚೇರಿಗೆ ಕರೆತರಲೇಬೇಕು. ಅವರಾಗಿ ಬರುವುದಿಲ್ಲ. ಕೈಚಾಚಲು ಅವರಿಗೆ ಮನಸ್ಸೊಪ್ಪುವುದಿಲ್ಲ.

ಹಾಗಾಗಿ ನಿಮ್ಮ ಓಣಿಯಲ್ಲಿ ಮಿಲಿಟರಿ ತಾತ ಅನ್ನಿಸಿಕೊಂಡವರು ಇದ್ದರೆ ಒಮ್ಮೆ ವಿಚಾರಿಸಿ. ಪಿಂಚಣಿ ಇಲ್ಲ ಅಂದರೆ ಡಿಸ್ಚಾರ್ಜ್ ಬುಕ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೋ ಜೊತೆಗೆ ಕರೆತನ್ನಿ. ಅರ್ಜಿಯನ್ನು ಕೇಂದ್ರೀಯ ಸೈನಿಕ ಮಂಡಳಿಯ ವೆಬ್‌ಸೈಟಿನಲ್ಲಿ ಹಾಕಬೇಕು. ಮೊಬೈಲ್ ಬಳಸಲು ಬರುವ ಮೊಮ್ಮಗನೋ ಮೊಮ್ಮಗಳೋ ಜೊತೆಗಿದ್ದರೆ ಒಳ್ಳೆಯದು. ಹಣ ಮಂಜೂರಾದ ಮೇಲೆ ಪ್ರತಿ ವರ್ಷ ಜೀವಿತ ಪ್ರಮಾಣಪತ್ರ ಕೊಡುವುದನ್ನು ಅವರಿಗೆ ನೆನಪಿಸುವ ಜವಾಬ್ದಾರಿಯನ್ನೂ ದಯವಿಟ್ಟು ನೀವೇ ವಹಿಸಿಕೊಳ್ಳಿ.